ಅಲಿ ಗೆಲ್ತಿದ್ನಾ ಟೈಸನ್ ಗೆಲ್ತಿದ್ನಾ: ಅಡಿಕೆ ಸುಲಿಯೋ ರಾತ್ರಿ ಬಾಕ್ಸಿಂಗ್ ಮ್ಯಾಚ್ ಕಟ್ಟೋ ಕ್ರಮ

ನಮ್ ತೀರ್ಥಹಳ್ಳಿ ಕಡೆ ಕೊಯ್ಲು ಶುರುವಾದ್ರೆ ರಾತ್ರಿ ಹತ್ತು ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂರೋದೇ, ಕೈ ಅದರ ಪಾಡಿಗೆ ಸುಲೀತಿರತ್ತೆ, ಬಾಯಿಗೆ ಮಾತ್ರ ಎಂತಾದ್ರೂ ಬೇಕು. ರಾಜಕೀಯ ತೆಗೆದ್ರೆ ಜಗಳ, ಅಡಿಕೆ ರೇಟು ತೆಗೆದ್ರೆ ಬೇಜಾರು, ಹಂಗಾಗಿ ಎರಡು ವರ್ಷದಿಂದ ನಮ್ಮನೆ ಅಂಗಳದಲ್ಲಿ ಬಾಯಲ್ಲೇ ಬಾಕ್ಸಿಂಗ್ ನಡೀತಿದೆ, ಮೊಹಮ್ಮದ್ ಅಲಿ, ಮೈಕ್ ಟೈಸನ್ ಥರ ಬೇರೆ ಬೇರೆ ಕಾಲದ ಬಾಕ್ಸರ್‌ಗಳು ಎದುರು ಬದುರಾಗಿದ್ರೆ ಯಾರು ಗೆಲ್ತಿದ್ರು ಅಂತ. ನಮ್ಮಲ್ಲಿ ಒಬ್ರೂ ಜನ್ಮದಲ್ಲಿ ಗ್ಲೌಸ್ ಹಾಕಿದವರಲ್ಲ, ಎಲ್ಲಾ ಮೊಬೈಲಲ್ಲಿ ಹಳೇ ಫೈಟ್ ನೋಡಿ ಬಂದ ಪಾಂಡಿತ್ಯ.

ಮೊದಲನೇ ವರ್ಷ ಸರಿಯಾಗ್ಲಿಲ್ಲ. "ಟೈಸನ್ ಒಂದೇ ಏಟಿಗೆ ಮಲಗಿಸ್ತಿದ್ದ", "ಅಲಿ ಕೈಗೆ ಸಿಕ್ಕಿದ್ರಲ್ವನಾ ಮಾರಾಯ", ಅಷ್ಟೇ, ಎರಡು ಮಾತಿಗೆ ಮ್ಯಾಚ್ ಖಲಾಸ್. ಆಗ ತಾಳಮದ್ದಳೇಲಿ ಅರ್ಥ ಹೇಳೋ, ಅಂದ್ರೆ ವೇಷ ಇಲ್ದೆ ಕೂತಲ್ಲೇ ಪಾತ್ರದ ಮಾತಾಡೋ ನಮ್ ಭಾವ ಒಂದು ಮಾತು ಹೇಳಿದ್ರು, ಪ್ರಸಂಗ ಯಾವ್ದು ಅಂತ್ಲೇ ಗೊತ್ತಿಲ್ದೆ ಅರ್ಥ ಹೇಳಕ್ಕೆ ಕೂತ್ರೆ ಹಿಂಗೇ ಆಗೋದು, ಕರ್ಣಪರ್ವದ ಅರ್ಜುನನೇ ಬೇರೆ ಬಭ್ರುವಾಹನನ ಎದುರಿಗೆ ನಿಂತ ಅರ್ಜುನನೇ ಬೇರೆ ಅಂತ. ಅಲ್ಲಿಂದ ನಮ್ ಕ್ರಮ ಬದಲಾಯ್ತು.

ಮೊದಲು ತಾರೀಖು ಹಾಕಿ. "ಅಲಿ" ಅಂದ್ರೆ ಸಾಕಾಗಲ್ಲ. 1966ರ ನವೆಂಬರಲ್ಲಿ ಹ್ಯೂಸ್ಟನ್ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನ ಮೂರೇ ರೌಂಡಿಗೆ ಮುಗಿಸಿದ ಅಲಿ ಕಾಲು ನೋಡಿ, ನೆಲಕ್ಕೆ ತಾಗತ್ತೋ ಇಲ್ವೋ ಅನ್ಸತ್ತೆ. ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಚಾಂಪಿಯನ್ ಪಟ್ಟ ಕಿತ್ಕೊಂಡು ಮೂರೂವರೆ ವರ್ಷ ಹೊರಗಿಟ್ರಲ್ಲ, ವಾಪಸ್ ಬಂದವನಿಗೆ ಆ ಕಾಲಿರ್ಲಿಲ್ಲ, 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಫೋರ್ಮನ್ ಕೈಲಿ ಹೊಡೆಸ್ಕೊಂಡು ಹೊಡೆಸ್ಕೊಂಡು ಎಂಟನೇ ರೌಂಡಲ್ಲಿ ಕೆಡವಿದ್ದು ಇನ್ನೊಬ್ಬ ಅಲಿ. ಟೈಸನ್ ಕಥೆನೂ ಅಷ್ಟೇ. 1988ರ ಜೂನಲ್ಲಿ ಸ್ಪಿಂಕ್ಸ್‌ನ 91 ಸೆಕೆಂಡಿಗೆ ಮಲಗಿಸ್ದ, ಎರಡು ವರ್ಷ ತುಂಬೋದ್ರೊಳಗೆ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಕೈಲಿ ಹೊಡೆತ ತಿಂದು ನೆಲದ ಮೇಲೆ ಹಲ್ಲಿನ ಗಾರ್ಡ್ ಹುಡುಕ್ತಿದ್ದ.

ಆಮೇಲೆ ಯಾರ ಕಾಲದ ರೂಲ್ಸು ಅಂತ ತೀರ್ಮಾನ ಆಗ್ಬೇಕು. ಇದನ್ನ ಜನ ಮರೆತೇಬಿಡ್ತಾರೆ. ಅಲಿ ಕಾಲದಲ್ಲಿ ಪಟ್ಟದ ಫೈಟು 15 ರೌಂಡು, 1982ರಲ್ಲಿ ಮನ್ಸೀನಿ ಜೊತೆ ಆಡಿದ ಕೊರಿಯಾದ ಕಿಮ್ ತೀರಿಹೋದ ಮೇಲೆ ಒಂದೊಂದಾಗಿ ಎಲ್ಲಾ ಕಡೆ 12 ಆಯ್ತು. ಕೊನೇ ಮೂರು ರೌಂಡು ಇದೆಯೋ ಇಲ್ವೋ ಅನ್ನೋದ್ರ ಮೇಲೇ ಎಷ್ಟೋ ಮ್ಯಾಚ್ ತಿರುಗತ್ತೆ. ಇನ್ನೂ ಹಿಂದೆ ಹೋದ್ರೆ ಮಜಾ ಜಾಸ್ತಿ, 1919ರಲ್ಲಿ ಡೆಂಪ್ಸಿ ಆ ಆರೂವರೆ ಅಡಿ ವಿಲ್ಲರ್ಡ್‌ನ ಒಂದೇ ರೌಂಡಲ್ಲಿ ಏಳು ಸಲ ಬೀಳಿಸ್ದ, ಹೆಂಗೆ ಅಂದ್ರೆ ಬಿದ್ದವನ ಪಕ್ಕದಲ್ಲೇ ನಿಂತಿರೋದು, ಅವನು ಏಳ್ತಿದ್ದಂಗೆ ಮತ್ತೆ ಬಾರ್ಸೋದು. ಈಗ ಹಂಗೆ ಮಾಡಂಗಿಲ್ಲ, ದೂರದ ಮೂಲೆಗೆ ಹೋಗಿ ನಿಲ್ಬೇಕು. 1927ರಲ್ಲಿ ಇದೇ ಡೆಂಪ್ಸಿ ಟನ್ನೀನ ಬೀಳಿಸಿ ಮೂಲೆಗೆ ಹೋಗಕ್ಕೆ ತಡ ಮಾಡಿದ್ದಕ್ಕೆ ರೆಫ್ರಿ ಎಣಿಕೆನೇ (ಹತ್ತು ಎಣಿಸೋದ್ರೊಳಗೆ ಏಳ್ದಿದ್ರೆ ಸೋಲು) ತಡ ಆಗಿ ಟನ್ನೀ ಎದ್ದು ಗೆದ್ದ. ಡೆಂಪ್ಸಿನ ತರ್ತೀರಾದ್ರೆ ಇದನ್ನ ಮೊದಲೇ ಮಾತಾಡ್ಕೊಳ್ಳಿ, ಇಲ್ಲಾಂದ್ರೆ ಮಧ್ಯರಾತ್ರಿ ಜಗಳ ಗ್ಯಾರಂಟಿ.

ಮೈತೂಕ ನೋಡಿ, ಆದ್ರೆ ಅದಕ್ಕೇ ಗಂಟು ಬೀಳ್ಬೇಡಿ. ಮಾರ್ಸಿಯಾನೊ 49ಕ್ಕೆ 49 ಗೆದ್ದವನು, ತೂಕ 85 ಕೆಜಿ ಆಸುಪಾಸು. ಈಗಿನ ಲೆಕ್ಕದಲ್ಲಿ ಅವನು ಹೆವಿವೇಯ್ಟೇ ಅಲ್ಲ, 90 ಕೆಜಿ ಚಿಲ್ಲರೆ ಮಿತಿ ಇರೋ ಕ್ರೂಸರ್‌ವೇಯ್ಟಿಗೆ ಬರ್ತಾನೆ. ಹಂಗಂತ ಸಣ್ಣವನು ಸೋತ ಅಂತ ಬರೆದಿಡಬೇಡಿ, ಅದೇ ಕ್ರೂಸರ್‌ವೇಯ್ಟಿಂದ ಬಂದ ಉಸಿಕ್ 2024ರಲ್ಲಿ ಆರು ಅಡಿ ಒಂಬತ್ತಿಂಚಿನ ಫ್ಯೂರೀನ ಸೋಲಿಸ್ಲಿಲ್ವಾ. ತೂಕಕ್ಕಿಂತ ನಾನು ರೀಚ್ ನೋಡ್ತೀನಿ, ಅಂದ್ರೆ ಎರಡೂ ಕೈ ಚಾಚಿದ್ರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ಅಂತ. ಅಲಿಗೆ 78 ಇಂಚು, ಟೈಸನ್‌ಗೆ 71. ದೋಟಿ ಹಿಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ, ಗೊನೆ ನಿಮ್ ದೋಟಿಗಿಂತ ಏಳಿಂಚು ಮೇಲಿದ್ರೆ ಎಷ್ಟು ಶಕ್ತಿ ಇದ್ದು ಏನ್ ಪ್ರಯೋಜನ.

ಇನ್ನು ಎಲ್ಲರೂ ಎಡವೋ ಜಾಗ. "ಇವನು ಅವನ್ನ ಹೊಡೆದಿದ್ದ, ಅವನು ಇನ್ನೊಬ್ಬನ್ನ ಹೊಡೆದಿದ್ದ, ಹಂಗಾಗಿ ಇವನೇ ದೊಡ್ಡವನು" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಫ್ರೇಜಿಯರ್ 1971ರಲ್ಲಿ ಅಲಿನ ಸೋಲಿಸ್ದ, 1973ರಲ್ಲಿ ಫೋರ್ಮನ್ ಆ ಫ್ರೇಜಿಯರ್‌ನ ಎರಡು ರೌಂಡಲ್ಲಿ ಆರು ಸಲ ಬೀಳಿಸ್ದ, ಮಾರನೇ ವರ್ಷ ಅಲಿ ಫೋರ್ಮನ್‌ನ ಕೆಡವ್ದ. ಸುತ್ತು ಬಂದು ಅಲ್ಲಿಗೇ ನಿಲ್ತು. ಮೈಮೇಲೆ ನುಗ್ಗಿ ಬರೋನು, ದೂರ ನಿಂತು ಚುಚ್ಚೋನು, ಒಂದೇ ಏಟಿಗೆ ಕಾಯೋನು, ಯಾರಿಗೆ ಯಾರು ಕಷ್ಟ ಅಂತ ನೋಡ್ಬೇಕು. ಅದಕ್ಕೆ ಗೆದ್ದ ಫೈಟ್ ಬಿಟ್ಟು ಒದ್ದಾಡಿದ ಫೈಟ್ ನೋಡಿ. ಅಲಿಗೆ ಎಡಗೈ ಹುಕ್, ಅಂದ್ರೆ ಮೊಣಕೈ ಮಡಚಿ ಪಕ್ಕದಿಂದ ಬೀಸೋ ಏಟು ಅಂದ್ರೆ ಕಷ್ಟ, 1963ರಲ್ಲಿ ಕೂಪರ್ ಅದರಲ್ಲೇ ಬೀಳಿಸಿದ್ದು, 1971ರ ಹದಿನೈದನೇ ರೌಂಡಲ್ಲಿ ಫ್ರೇಜಿಯರ್ ಕೂಡಾ ಅದರಲ್ಲೇ. ಟೈಸನ್‌ಗೆ ಉದ್ದ ಇದ್ದು ತಬ್ಬಿ ಹಿಡಿಯೋರು ಅಂದ್ರೆ ಕಷ್ಟ, 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಹಿಡ್ಕೊಂಡು ಹಿಡ್ಕೊಂಡೇ 12 ರೌಂಡು ಕಳೆದ.

ಕಂಪ್ಯೂಟರ್ ಕೇಳಿದ್ರಾಯ್ತಲ್ಲ ಅಂತ ಪಕ್ಕದ್ಮನೆ ಹುಡುಗ ಅಂದ. ಅದೂ ಆಗಿಹೋಗಿದೆ ಮಾರಾಯ. 1969ರಲ್ಲಿ ಅಲಿ ಮತ್ತೆ ರಿಟೈರ್ ಆಗಿ ಹದಿಮೂರು ವರ್ಷ ಆಗಿದ್ದ ಮಾರ್ಸಿಯಾನೊ ಇಬ್ಬರನ್ನೂ ನಿಜವಾಗ್ಲೂ ರಿಂಗಿಗೆ ಇಳ್ಸಿ ಸುಳ್ಳು ಫೈಟ್ ಶೂಟ್ ಮಾಡಿದ್ರು, ಮಾರ್ಸಿಯಾನೊ ತಲೆಗೆ ವಿಗ್ ಬೇರೆ, ಬೇರೆ ಬೇರೆ ಕ್ಲೈಮ್ಯಾಕ್ಸ್ ತೆಗೆದಿಟ್ಕೊಂಡು ಕಂಪ್ಯೂಟರ್ ಹೇಳಿದ್ದು ಅಂತ 1970ರ ಜನವರೀಲಿ ಥಿಯೇಟರಲ್ಲಿ ತೋರಿಸಿದ್ರು. ಅಮೆರಿಕಾದಲ್ಲಿ ಹದಿಮೂರನೇ ರೌಂಡಿಗೆ ಮಾರ್ಸಿಯಾನೊ ಗೆದ್ದ, ಯುರೋಪಿಗೆ ಕಳಿಸಿದ ಕಾಪೀಲಿ ಅಲಿ ಗೆದ್ದ! ಪಾಪ ಮಾರ್ಸಿಯಾನೊಗೆ ತಾನು ಗೆದ್ದಿದ್ದು ಗೊತ್ತೇ ಆಗ್ಲಿಲ್ಲ, 1969ರ ಆಗಸ್ಟಲ್ಲೇ ವಿಮಾನ ಬಿದ್ದು ತೀರ್ಕೊಂಡಿದ್ದ.

ಮಷಿನ್ ಬೇಡ, ಇಬ್ರನ್ನ ಎದುರು ಬದುರು ಕೂರ್ಸಿ, ಒಬ್ಬ ಅಲಿ ಅರ್ಥ ಒಬ್ಬ ಟೈಸನ್ ಅರ್ಥ, ಮೂರನೆಯವನು ಭಾಗವತನ ಜಾಗದಲ್ಲಿ ರೆಫ್ರಿ. ಒಬ್ಬೊಬ್ಬರಿಗೆ ಒಂದು ರೌಂಡು ಹೇಳಕ್ಕೆ ಬಿಡಿ, ಆದ್ರೆ ಆ ಬಾಕ್ಸರ್ ಯಾವುದಾದ್ರೂ ಫೈಟಲ್ಲಿ ನಿಜವಾಗ್ಲೂ ಮಾಡಿದ್ದನ್ನ ಬಿಟ್ಟು ಬೇರೆ ಹೇಳಂಗಿಲ್ಲ. ಮೊನ್ನೆ 1966ರ ಅಲಿಗೂ 1988ರ ಟೈಸನ್‌ಗೂ, 15 ರೌಂಡು. ಟೈಸನ್ ಅರ್ಥ ಭಾವಂದು, ಅಲಿ ಅರ್ಥ ನಂದು. ಎರಡನೇ ರೌಂಡಲ್ಲಿ ಅಲಿ ಜ್ಯಾಬ್ (ಮುಂದಿನ ಕೈಲಿ ನೇರ ಚುಚ್ಚೋ ಏಟು) ಕೆಳಗೆ ತಲೆ ತೂರ್ಸಿ ಒಳಗೆ ಬಂದು ಪಕ್ಕೆಗೊಂದು ಕೊಟ್ಟು ಅದೇ ಕೈಲಿ ಗಲ್ಲಕ್ಕೆ ಎಡ ಹುಕ್ ಬಿಟ್ರು, ಮೆಟ್ಟುಗತ್ತಿ ಮುಂದೆ ಕೂತೇ ಭುಜ ಹೆಂಗೆ ತಿರುಗಿಸಿದ್ರು ಅಂದ್ರೆ ಕೈಲಿದ್ದ ಅಡಿಕೆ ಹಾರಿ ನಾಯಿಗೆ ಬಿತ್ತು. ಅಲಿ ಬಿದ್ದ, ನಾನೂ ಒಪ್ಕೊಂಡೆ. ಎದ್ದವನು ಕುತ್ತಿಗೆ ಹಿಂದೆ ಕೈ ಹಾಕಿ ಹಿಡ್ಕೊಂಡ, ರೆಫ್ರಿ ಬಿಡಿಸ್ಲಿಲ್ಲ, ಭಾವ ಕೂಗಾಡಿದ್ರು. ಆರನೇ ರೌಂಡಿಂದ ಟೈಸನ್ ಒಂದೊಂದೇ ಏಟು ಹುಡುಕೋಕೆ ಶುರು ಮಾಡ್ದ, ಡಗ್ಲಸ್ ಎದುರು ಮಾಡಿದ್ನಲ್ಲ ಹಂಗೆ, ಜ್ಯಾಬ್ ಮೇಲೆ ಜ್ಯಾಬ್ ತಿಂದು ಎಡಗಣ್ಣು ಮುಚ್ಚಿಹೋಯ್ತು. ಹನ್ನೆರಡು ರೌಂಡಿನ ಫೈಟಾಗಿದ್ರೆ ಪಾಯಿಂಟ್ ಮೇಲೆ ಅಲಿ, ಹದಿನೈದಾದ್ರೆ ಹದಿಮೂರರಲ್ಲಿ ರೆಫ್ರಿ ನಿಲ್ಲಿಸ್ತಾನೆ ಅನ್ನೋದು ನನ್ನ ವಾದ.

ಭಾವ ಒಪ್ಲಿಲ್ಲ. ಕುತ್ತಿಗೆ ಹಿಡಿದಿದ್ದಕ್ಕೆ ಪಾಯಿಂಟ್ ಕಟ್ ಮಾಡೋ ರೆಫ್ರಿ ಹಾಕಿ ಇವತ್ತು ಮತ್ತೆ ಆಡ್ಸೋದಂತೆ. ಇನ್ನೂ ನಾಲ್ಕು ಡಬ್ಬ ಅಡಿಕೆ ಬಾಕಿ ಇದೆ, ಅಮ್ಮ ಆಗ್ಲೇ ಲೈಟ್ ಹಾಕಿ ಕರೀತಿದಾಳೆ.