ಭಾನುವಾರ ಮಂಡಕ್ಕಿ, ಸೋಮವಾರ ಆಸ್ಪತ್ರೆ: ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಆಗಿ ನನ್ನ ಅನುಭವ

ಕೆಲಸ ಮುಗಿದ ಮೇಲೆ ಕಿವುಡರ ಜೊತೆ ಓಡಾಟ ಇಟ್ಟುಕೊಳ್ಳಬೇಡಿ, ಬೆರೆತರೆ ಒಬ್ಬರ ಕಡೆ ವಾಲುತ್ತೀರಿ, ಗುಟ್ಟೂ ಉಳಿಯುವುದಿಲ್ಲ ಎಂದು ತರಬೇತಿಯಲ್ಲಿ ಹಿರಿಯರೊಬ್ಬರು ಹೇಳಿದ್ದರು. ಕಿವುಡರ ಸನ್ನೆಯನ್ನು ಮಾತಿಗೂ ಮಾತನ್ನು ಸನ್ನೆಗೂ ತಿರುಗಿಸುವ ಇಂಟರ್‌ಪ್ರಿಟರ್‌ಗಳು ಕರೆದರೆ ಬರಲು ಹತ್ತಾರು ಜನ ಇರುವ ಊರಿನಲ್ಲಿ ಅದು ನಡೆದೀತು. ದಾವಣಗೆರೆಯಲ್ಲಿ ಆಸ್ಪತ್ರೆಗೂ ಬ್ಯಾಂಕಿಗೂ ಪೊಲೀಸ್ ಠಾಣೆಗೂ ಫೋನ್ ಬರುವುದು ಅದೇ ಒಂದಿಬ್ಬರಿಗೆ. ಅದಕ್ಕೇ ನಾನು ಬೆರೆಯುವ ದಾರಿಯನ್ನೇ ಹಿಡಿದೆ. ಬೆರೆಯದೆ ಈ ಕೆಲಸ ಸರಿಯಾಗಿ ಮಾಡಲು ಬರುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲ ಕಾರಣ ಭಾಷೆ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು 2015ರಲ್ಲಿ. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ರ ಹೊತ್ತಿಗೆ 10,000 ಪದ ಮುಟ್ಟಿತು. ಅದರ ವಿಡಿಯೋಗಳನ್ನು ನಾನು ಈಗಲೂ ನೋಡುತ್ತೇನೆ. ಆದರೆ ವಾರದ ದಿನಗಳು, ಬಣ್ಣಗಳು, ಸಂಖ್ಯೆಗಳ ಸನ್ನೆ ಊರಿಂದ ಊರಿಗೆ, ಓದಿದ ಶಾಲೆಯಿಂದ ಶಾಲೆಗೆ ಬೇರೆಯಾಗುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಹಳ್ಳಿಯ ಹಿರಿಯರು ಮನೆಯವರ ಜೊತೆ ತಾವೇ ಕಟ್ಟಿಕೊಂಡ ಸನ್ನೆಗಳಲ್ಲೇ ಬದುಕು ಸಾಗಿಸಿರುತ್ತಾರೆ. ಅವು ಯಾವ ನಿಘಂಟಿನಲ್ಲೂ ಸಿಗವು.

ಭಾನುವಾರ ಸಂಜೆ ಕಿವುಡ ಗೆಳೆಯರ ನಮ್ಮ ಗುಂಪು ಸೇರುವುದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಮುಂದೆ. ಎಲ್ಲಿ ನಿಲ್ಲಬೇಕು ಎನ್ನುವುದನ್ನು ಬೆಳಕು ತೀರ್ಮಾನಿಸುತ್ತದೆ. ದೀಪ ಯಾರ ಬೆನ್ನ ಹಿಂದೆಯೂ ಇರಬಾರದು, ಇದ್ದರೆ ಅವರ ಮುಖ ಕಪ್ಪಾಗಿ ಅರ್ಧ ಮಾತು ಹೋಗುತ್ತದೆ. ಸನ್ನೆ ಭಾಷೆಯಲ್ಲಿ ಹುಬ್ಬು, ತುಟಿ, ಕತ್ತು ಎಲ್ಲವೂ ಮಾತಾಡುತ್ತವೆ. ಎಲ್ಲರೂ ಎಲ್ಲರಿಗೂ ಕಾಣುವಂತೆ ಸುತ್ತ ನಿಲ್ಲುತ್ತೇವೆ. ಒಂದು ಕೈಯಲ್ಲಿ ಪೊಟ್ಟಣ, ಇನ್ನೊಂದರಲ್ಲಿ ಮಾತು. ಜಗಳ ಜೋರಾದರೆ ಪೊಟ್ಟಣ ಪಕ್ಕದವರ ಕೈಗೆ.

ಅಲ್ಲಿ ನಾನು ಇಂಟರ್‌ಪ್ರಿಟರ್ ಅಲ್ಲ. ಅಂಗಡಿಯವರು ಮೊದಮೊದಲು ನನ್ನ ಕಡೆಗೇ ತಿರುಗಿ, “ಅಕ್ಕಾರೆ, ಅವ್ರಿಗೆ ಏನ್ ಬೇಕಂತೆ?” ಎನ್ನುತ್ತಿದ್ದರು. ನಾನು ಉತ್ತರ ಕೊಡದೆ ಪಕ್ಕದ ಗೆಳೆಯನ ಮುಖ ನೋಡುತ್ತಿದ್ದೆ. ಈಗ ಅವರೇ ಖಾರ ಎಷ್ಟು, ಮೆಣಸಿನಕಾಯಿ ಎಷ್ಟು ಎಂದು ಬೆರಳಲ್ಲಿ ಕೇಳುತ್ತಾರೆ. ಕೇಳಿಸುವ ಇನ್ನೊಬ್ಬರು ಜೊತೆಗಿದ್ದರೂ ನಾವಿಬ್ಬರು ಬಾಯಲ್ಲಿ ಮಾತಾಡಿಕೊಳ್ಳುವುದಿಲ್ಲ, ಅಲ್ಲಿರುವಷ್ಟು ಹೊತ್ತು ಎಲ್ಲಾ ಸನ್ನೆಯಲ್ಲೇ. ಕಿವುಡರ ಸಂಘದಲ್ಲಿ ನಾನು ಯಾವ ಹುದ್ದೆಯನ್ನೂ ತೆಗೆದುಕೊಂಡಿಲ್ಲ. ಸಂಘ ಅವರದು, ತೀರ್ಮಾನವೂ ಅವರದೇ ಆಗಬೇಕು.

ಈ ಒಡನಾಟ ಎಲ್ಲಿ ಕೈಹಿಡಿಯುತ್ತದೆ ಎಂದರೆ, ಜಗಳೂರು ಕಡೆಯ ಹಿರಿಯರೊಬ್ಬರನ್ನು ಹೊಟ್ಟೆನೋವೆಂದು ಆಸ್ಪತ್ರೆಗೆ ಕರೆತಂದಿದ್ದರು. ಎಷ್ಟು ದಿನದಿಂದ ಎಂದು ವೈದ್ಯರು ಕೇಳಿದರು. ಅವರು ಎರಡೂ ಮುಷ್ಟಿ ಜೋಡಿಸಿ, ಒಂದನ್ನು ಚಟ್ಟನೆ ಕೆಳಕ್ಕೆ ತಿರುಗಿಸಿ, ಮತ್ತೆ ಹೊಟ್ಟೆ ಮುಟ್ಟಿಕೊಂಡರು. ಜೊತೆಗೆ ಬಂದ ಮಗ, ಹೊಟ್ಟೆ ಹಿಂಡಿದಂತಾಗುತ್ತದೆ ಅಂತಿದಾರೆ ಎಂದ. ನಾನು ಅದೇ ಸನ್ನೆಯನ್ನು ಭಾನುವಾರದ ಗುಂಪಿನಲ್ಲಿ ನೋಡಿದ್ದೆ: ಮೆಕ್ಕೆಜೋಳದ ತೆನೆ ಮುರಿಯುವುದು. ಖಚಿತ ಮಾಡಿಕೊಳ್ಳಲು ಅವರನ್ನೇ ಮತ್ತೆ ಕೇಳಿದೆ, ಹೌದೆಂದರು. “ಮೆಕ್ಕೆಜೋಳ ಮುರಿಯುವ ಹೊತ್ತಿನಿಂದ ನೋವಿದೆ ಅಂತಾರೆ” ಎಂದು ವೈದ್ಯರಿಗೆ ಹೇಳಿದೆ. ಆಗ ಸಂಕ್ರಾಂತಿ ಕಳೆದಿತ್ತು. ನೋವು ತಿಂಗಳುಗಟ್ಟಲೆ ಹಳೆಯದು ಎಂದು ವೈದ್ಯರಿಗೆ ತಿಳಿದದ್ದೇ ಆಗ. ತಕ್ಷಣ ಸ್ಕ್ಯಾನಿಂಗ್‌ಗೆ ಬರೆದರು. ಕಾರ್ತೀಕ, ಕೊಯ್ಲು, ದುಗ್ಗಮ್ಮನ ಜಾತ್ರೆ, ಹೀಗೆ ಕಾಲ ಎಣಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಗುಟ್ಟಿನ ಮಾತಿಗೆ ಬರುತ್ತೇನೆ, ತರಬೇತಿಯಲ್ಲಿ ಎಚ್ಚರಿಸಿದ ಆ ಹಿರಿಯರ ಆತಂಕ ಸುಳ್ಳಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಭಾನುವಾರ ಕೇಳಿಯೇ ಕೇಳುತ್ತಾರೆ, “ಅವನಿಗೆ ಏನಾಗಿದೆ?” ನನ್ನ ಉತ್ತರ ಎಲ್ಲರಿಗೂ ಒಂದೇ: ಅವರನ್ನೇ ಕೇಳಿ. ಜ್ವರವಾದರೂ ಅದೇ ಉತ್ತರ, ಹೆಂಡತಿ ಕೇಳಿದರೂ ಅದೇ. ಸಣ್ಣ ವಿಷಯಕ್ಕೆ ಬಾಯಿಬಿಟ್ಟು ದೊಡ್ಡದಕ್ಕೆ ಸುಮ್ಮನಾದರೆ, ಸುಮ್ಮನಿದ್ದದ್ದೇ ಸುದ್ದಿಯಾಗುತ್ತದೆ. ಇನ್ನೊಂದು, ಸನ್ನೆ ದೂರಕ್ಕೂ ಕಾಣುತ್ತದೆ. ವರಾಂಡದ ಆ ತುದಿಯ ಬೆಂಚಿನಲ್ಲಿ ಕೂತ ಕಿವುಡರು ಈ ತುದಿಯ ಮಾತನ್ನು ಪೂರ್ತಿ ಓದಬಲ್ಲರು. ಹಾಗಾಗಿ ನಾನು ಜನರ ಕಡೆ ಬೆನ್ನು ಹಾಕಿ ನಿಂತು, ರೋಗಿಯನ್ನು ಗೋಡೆಯ ಮೂಲೆಗೆ ನಿಲ್ಲಿಸಿ, ಕೈಯನ್ನು ಎದೆಗಿಂತ ಕೆಳಗೇ ಆಡಿಸುತ್ತೇನೆ. ಕೋಣೆ ಖಾಲಿ ಇದ್ದರೆ ಬಾಗಿಲು ಹಾಕಿಸುತ್ತೇನೆ.

ಕೆಲವು ಕೆಲಸ ಮಾತ್ರ ಒಪ್ಪಿಕೊಳ್ಳುವುದಿಲ್ಲ. ಗುಂಪಿನ ಗಂಡ-ಹೆಂಡತಿಯ ನಡುವೆ ವ್ಯಾಜ್ಯ ಎದ್ದು ಇಬ್ಬರೂ ನನ್ನನ್ನೇ ಕರೆದರು. ಇಬ್ಬರ ಮನೆಯಲ್ಲೂ ಉಂಡವಳು ನಾನು. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಬರುವುದಿಲ್ಲ ಎಂದು ಕಾರಣ ಸಮೇತ ಹೇಳಿ, ಬೇರೆ ಜಿಲ್ಲೆಯ ಇಂಟರ್‌ಪ್ರಿಟರ್ ಒಬ್ಬರನ್ನು ಗೊತ್ತುಮಾಡಿಕೊಟ್ಟೆ. ಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಕೂಡ ಪ್ರಮಾಣ ಮಾಡಬೇಕು. ಮಾತಾಡಲು ಆಗದ ಸಾಕ್ಷಿಯ ಹೇಳಿಕೆಗೆ ಇಂಟರ್‌ಪ್ರಿಟರ್ ಇಲ್ಲವೇ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೋ ಮಾಡಬೇಕು ಎಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಮು ಹೇಳುತ್ತದೆ. ಅಷ್ಟು ತೂಕದ ಜಾಗದಲ್ಲಿ ನನ್ನ ಸ್ನೇಹದ ಬಗ್ಗೆ ಯಾರೂ ಬೆರಳು ಮಾಡುವಂತಿರಬಾರದು.

ಹರಿಹರದ ಹುಡುಗಿಯೊಬ್ಬಳು ಈಗ ಇಂಟರ್‌ಪ್ರಿಟರ್ ಆಗಲು ಡಿಪ್ಲೊಮಾ ಓದುತ್ತಿದ್ದಾಳೆ. ರಜೆಗೆ ಊರಿಗೆ ಬಂದಾಗ ಭಾನುವಾರ ತಪ್ಪಿಸಬೇಡ, ನೋಟ್‌ಬುಕ್ ತರಬೇಡ ಎಂದಿದ್ದೇನೆ. ನಾವಿಬ್ಬರಾದರೆ, ನಾನು ಆಗದು ಎಂದ ಕೆಲಸಕ್ಕೆ ಅವಳು ಹೋಗಬಹುದು, ಅವಳು ಆಗದು ಎಂದದ್ದಕ್ಕೆ ನಾನು.