ಮೊದಲ ಸೋಲೋ ಕಟ್ಟುವವರಿಗೆ: ನೆಲ, ಬೆಳಕು, ವಿಡಿಯೋ, ಕಾಗದ

ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯ ಕಲಿಯಲು ಜಾಗಗಳಿಗೆ ಬರವಿಲ್ಲ. 1992ರಲ್ಲಿ ಶುರುವಾದ ಅಟ್ಟಕ್ಕಳರಿ, ಮಧು ನಟರಾಜ್ ಅವರ ನಾಟ್ಯ ಸ್ಟೆಮ್, ನೃತರುತ್ಯ ಎಲ್ಲವೂ ಇಲ್ಲಿಯವೇ. ತೊಡಕು ಶುರುವಾಗುವುದು ತಂಡ ಬಿಟ್ಟು ಸ್ವಂತ ಕೃತಿ ಕಟ್ಟಲು ಹೊರಟಾಗ.

ಮೊದಲ ಕೃತಿ ಸೋಲೋ, ಅಂದರೆ ಒಬ್ಬರೇ ಕುಣಿಯುವಂಥದ್ದು, ಆಗಿರಲಿ, 15–20 ನಿಮಿಷ ಸಾಕು. ಐದು ಜನರನ್ನು ಹಾಕಿಕೊಂಡರೆ ಅವರ ಸಮಯ ಹೊಂದಿಸುವುದರಲ್ಲೇ ರಿಹರ್ಸಲ್ ಸೋರಿಹೋಗುತ್ತದೆ. ಹೊರ ಊರಿನಿಂದ ಕರೆ ಬಂದರೆ ಐದು ಟಿಕೆಟ್ಟು.

ರಿಹರ್ಸಲ್ ಹಾಲ್ ಹಿಡಿಯುವಾಗ ಬಾಡಿಗೆ ಕೇಳುವ ಮೊದಲು ನೆಲ ತಟ್ಟಿ ನೋಡಿ. ಕಾಂಕ್ರೀಟಿನ ಮೇಲೆ ಗ್ರಾನೈಟ್ ಹಾಕಿದ್ದರೆ ನೆಗೆತದ ಪೆಟ್ಟೆಲ್ಲ ಮೊಣಕಾಲು, ಮುಂಗಾಲಿನ ಮೂಳೆಗೇ. ವಿನೈಲ್ ಮ್ಯಾಟ್ ಹಾಸಿದರೆ ಆಯಿತಲ್ಲ ಎಂದು ಬಹಳ ಜನ ನಂಬಿದ್ದಾರೆ. ಮ್ಯಾಟ್ ಕೊಡುವುದು ಪಾದಕ್ಕೆ ಹಿಡಿತ ಮಾತ್ರ. ಪೆಟ್ಟು ನುಂಗಲು ಅದರ ಕೆಳಗೆ ತುಸು ಮಣಿಯುವ ಮರದ ನೆಲ ಬೇಕು. ಅಂಥದ್ದು ಸಿಗದಿದ್ದರೆ ಆ ಹಾಲ್‌ನಲ್ಲಿ ನೆಗೆಯಬೇಡಿ, ನೆಗೆತದ ಜಾಗಗಳನ್ನು ಗುರುತು ಹಾಕಿಕೊಂಡು ನಡೆದೇ ಮುಗಿಸಿ.

ಉತ್ಸವದವರು ಮೊದಲು ಕೇಳುವುದು ವಿಡಿಯೋ. ಕತ್ತರಿಸಿ ಜೋಡಿಸಿದ ಎರಡು ನಿಮಿಷದ ಟ್ರೇಲರ್ ಪೋಸ್ಟರಿನ ಕೆಲಸ ಮಾಡುತ್ತದೆ, ಅಷ್ಟೆ. ಆಯ್ಕೆಗೆ ಬೇಕಾದ್ದು ಇಡೀ ಕೃತಿ: ಸ್ಟ್ಯಾಂಡಿನ ಮೇಲೆ ಒಂದೇ ಕ್ಯಾಮೆರಾ, ಪಾದ ಕಾಣುವ ಅಗಲ, ಕಟ್ ಇಲ್ಲ. ಫೋನಿನಲ್ಲಿ ತೆಗೆಯುವುದಾದರೆ ಬೆಳಕಿನ ಅಳತೆ ತಾನಾಗಿ ಬದಲಾಗದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲವಾದರೆ ಪ್ರತಿ ಲೈಟ್ ಬದಲಾವಣೆಗೂ ಚಿತ್ರ ಮಿಡುಕಿ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಕತ್ತಲೆ ಹೆಚ್ಚಿರುವ ಕೃತಿಯಾದರೆ ಹಗಲು ಬೆಳಕಿನ ರಿಹರ್ಸಲ್ ವಿಡಿಯೋವನ್ನೂ ಜೊತೆಗಿಡಿ.

ಟೆಕ್ ರೈಡರ್, ಅಂದರೆ ರಂಗದಲ್ಲಿ ನಿಮಗೆ ಬೇಕಾದ್ದನ್ನು ಆಯೋಜಕರಿಗೆ ತಿಳಿಸುವ ಪಟ್ಟಿ, ಒಂದೇ ಪುಟ: ಎಷ್ಟು ಅಡಿ ರಂಗ, ಮ್ಯಾಟ್, ಲೈಟ್, ಸೌಂಡ್, ರಂಗ ಸಜ್ಜುಗೊಳಿಸಲು ಎಷ್ಟು ತಾಸು. ನೃತ್ಯಕ್ಕೆ ವಿಂಗ್‌ಗಳಿಂದ, ಅಂದರೆ ರಂಗದ ಎರಡೂ ಪಕ್ಕದ ಮರೆಗಳಿಂದ, ಬೀಳುವ ಸೈಡ್ ಲೈಟ್ ಬೇಕೇಬೇಕು. ಮುಂದಿನ ಬೆಳಕೊಂದೇ ಇದ್ದರೆ ದೇಹ ಕಾಗದದ ಗೊಂಬೆಯಂತೆ ಚಪ್ಪಟೆ. ಸಭೆ ಸಮಾರಂಭಕ್ಕೆಂದು ಕಟ್ಟಿದ ಸಭಾಂಗಣಗಳಲ್ಲಿ ಇರುವುದು ಬಹುತೇಕ ಅದೇ. ಆದ್ದರಿಂದ ಎಂಟು ಲೈಟಿಗೆ ಇಳಿಸಿದ ಇನ್ನೊಂದು ಪ್ಲಾನ್ ಕೈಯಲ್ಲಿರಲಿ.

ಹಕ್ಕಿನ ವಿಚಾರವನ್ನು ನಮ್ಮ ಕಲಾವಿದರು ಕಡೆಗಣಿಸುವುದೇ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ಸಾಲಿಗೆ ಸೇರಿಸಿದೆ, ಆದರೆ ಅದರ ರೂಪ ಬರಹದಲ್ಲೋ ಬೇರೆ ಬಗೆಯಲ್ಲೋ ದಾಖಲಾಗಿರಬೇಕು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2009ರಲ್ಲಿ ತೀರ್ಪಾಯಿತು. ಅಲ್ಲೂ ಆ ನೃತ್ಯರೂಪವನ್ನು ನಾಟಕ ಕೃತಿಯೆಂದೇ ಎಣಿಸಲಾಯಿತು. ಚಲನೆಗಳ ಕ್ರಮ, ರಂಗದ ನಕ್ಷೆ, ಲೈಟ್ ಕ್ಯೂಗಳನ್ನು (ಬೆಳಕು ಯಾವಾಗ ಬದಲಾಗಬೇಕೆಂಬ ಸೂಚನೆ) ಬರೆದು ತಾರೀಖು ಹಾಕಿಡಿ. ತಂಡದಲ್ಲಿ ಸಂಬಳಕ್ಕಿದ್ದಾಗ ಕಟ್ಟಿದ್ದು, ಬೇರೆ ಕರಾರಿಲ್ಲದಿದ್ದರೆ, ತಂಡದ್ದೇ. ಅದನ್ನು ನಿಮ್ಮ ಸೋಲೋಗೆ ಎತ್ತಿಕೊಳ್ಳುವ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ.

ಸಂಭಾವನೆ ಹೇಳುವಾಗ ಪ್ರದರ್ಶನದ ದಿನವನ್ನಷ್ಟೇ ಲೆಕ್ಕ ಹಾಕಬೇಡಿ. ಹಾಲ್ ಬಾಡಿಗೆ, ಲೈಟ್ ಡಿಸೈನರ್, ಸಂಗೀತಗಾರರ ಹಣ, ಮ್ಯಾಟ್ ಸಾಗಣೆ ಬೇರೆ ಬೇರೆ ಸಾಲಿನಲ್ಲಿ ಬರಲಿ. ಚೌಕಾಶಿಗೆ ಕೂತವರು ಒಟ್ಟು ಮೊತ್ತವನ್ನು ಕಡಿಯುವಷ್ಟು ಸಲೀಸಾಗಿ ಸಾಲುಗಳನ್ನು ಕಡಿಯಲಾರರು.