‘ಗೆಟ್ ಲಾಸ್ಟ್’ ಅನ್ನು ಫ್ರೆಂಚ್‌ನಲ್ಲಿ ಹೇಳುವುದು ಹೇಗೆ?

1942ರ ‘ಕ್ವಿಟ್ ಇಂಡಿಯಾ’ ಕನ್ನಡದಲ್ಲಿ ‘ಭಾರತ ಬಿಟ್ಟು ಹೋಗಿ’ ಆಗಲಿಲ್ಲ. ‘ಭಾರತ ಬಿಟ್ಟು ತೊಲಗಿ’ ಆಯಿತು. ಇಂಗ್ಲಿಷಿನ ‘ಕ್ವಿಟ್’ನಲ್ಲಿ ಅಷ್ಟು ಬಿಸಿ ಇಲ್ಲ. ಆದರೆ ಜನರ ಸಿಟ್ಟಿಗೆ ಬರೀ ‘ಹೋಗಿ’ ಸಾಲುತ್ತಿರಲಿಲ್ಲ. ಬೈಗುಳದ ಮಾತನ್ನು ಅನುವಾದ ಮಾಡುವಾಗ ನೋಡಬೇಕಾದದ್ದು ಇದನ್ನೇ, ಖಾರ ಎಷ್ಟು ಅಂತ. ಇಂಗ್ಲಿಷಿನಿಂದ ಫ್ರೆಂಚ್‌ಗೆ ಹೋಗುವಾಗಲೂ ಅಷ್ಟೇ. ಕಥೆಯನ್ನೋ ಸಬ್‌ಟೈಟಲನ್ನೋ ಅನುವಾದ ಮಾಡಲು ಕೂತ ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲ ಇದೆ. ಅದನ್ನು ಬಳಸಿಕೊಳ್ಳಿ.

ಮೊದಲು ನಿಘಂಟು ಮುಚ್ಚಿಡಿ. ‘ಗೆಟ್ ಲಾಸ್ಟ್’ಗೆ ಪದಕ್ಕೆ ಪದ ಇಟ್ಟರೆ ‘ಪೆರ್ ತ್ವಾ’ ಆಗುತ್ತದೆ. ಯಾರನ್ನಾದರೂ ಓಡಿಸಲು ಫ್ರೆಂಚರು ಹೀಗೆ ಹೇಳುವುದಿಲ್ಲ. ಅದರ ಬದಲು ಆ ಸಾಲನ್ನು ಒಮ್ಮೆ ಕನ್ನಡದಲ್ಲಿ ಜೋರಾಗಿ ಹೇಳಿ ನೋಡಿ. ಅಕ್ಕ ತಮ್ಮನಿಗೆ ‘ಹೋಗೋ ಸುಮ್ನೆ’ ಅಂದಳಾ? ಅಥವಾ ಬಾಗಿಲಲ್ಲಿ ನಿಂತವನಿಗೆ ‘ತೊಲಗಾಚೆ’ ಅಂದಳಾ? ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು ಸಾಕು. ಫ್ರೆಂಚ್‌ನಲ್ಲಿ ಸಾಲದು.

ಆಮೇಲೆ ಏಕವಚನವೋ ಬಹುವಚನವೋ ತೀರ್ಮಾನಿಸಿ. ಇಂಗ್ಲಿಷಿಗೆ ಇರುವುದು ಒಂದೇ ‘ಯು’. ಫ್ರೆಂಚ್‌ಗೆ ನಮ್ಮ ನೀನು, ನೀವು ಇದ್ದ ಹಾಗೆ ‘ತ್ಯು’, ‘ವೂ’ ಇವೆ. ‘ವಾ ತಾಂ’ ಅಂದರೆ ಹೋಗು. ‘ಅಲೇ ವೂಜಾಂ’ ಅಂದರೆ ಹೋಗಿ. ಗುರುತಿಲ್ಲದ ದೊಡ್ಡವರನ್ನು ಏಕವಚನದಲ್ಲಿ ಮಾತಾಡಿಸಿದರೆ ನಮ್ಮಲ್ಲಿ ಅರ್ಧ ಜಗಳ ಅಲ್ಲೇ ಶುರು ಅಲ್ವಾ? ಫ್ರಾನ್ಸ್‌ನಲ್ಲೂ ಹಾಗೇ. ಎಷ್ಟೋ ಸಲ ಬೈಗುಳವೇ ಬೇಡ, ‘ತ್ಯು’ ಸಾಕು.

ಈಗ ಖಾರದ ಅಳತೆ. ಕಷ್ಟ ಇರುವುದೇ ಇಲ್ಲಿ, ನಿಧಾನ ಮಾಡಿ. ‘ವಾ ತಾಂ’ ಸಪ್ಪೆ. ‘ಫಿಶ್ ಲ ಕಾಂ’ ಅಂದರೆ ಜಾಗ ಖಾಲಿ ಮಾಡು. ಅದನ್ನೇ ‘ಫೂ ಲ ಕಾಂ’ ಅಂದರೆ ಮಾತು ಒರಟಾಯಿತು. ‘ಫಿಶ್’ ಎಂಬುದು ಒಂದು ಅಶ್ಲೀಲ ಕ್ರಿಯಾಪದದ ಬದಲು ಮನೆಮಂದಿ ಬಳಸುವ ಸಭ್ಯ ರೂಪ. ‘ಹು ಕೇರ್ಸ್’ಗೂ ಇದೇ ಜೋಡಿ ಬರುತ್ತದೆ. ‘ಜ ಮಾಂ ಫಿಶ್’ ಮೆದು, ‘ಜ ಮಾಂ ಫೂ’ ಗಡಸು. ಈ ಜೋಡಿ ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

‘ದೇಗಾಜ್’ ನಮ್ಮ ‘ತೊಲಗು’ವಿಗೆ ತೀರಾ ಹತ್ತಿರ. 2011ರ ಜನವರಿ 14ರಂದು ಟ್ಯುನೀಷಿಯಾದ ರಾಜಧಾನಿ ಟ್ಯುನಿಸ್‌ನ ಬೀದಿಯಲ್ಲಿ ಜನ ತಮ್ಮ ಅಧ್ಯಕ್ಷ ಬೆನ್ ಅಲಿಗೆ ಕೂಗಿದ್ದು ಇದನ್ನೇ. ಆತ ಅದೇ ದಿನ ದೇಶ ಬಿಟ್ಟು ಹೋದ.

‘ಕಾಸ್ ತ್ವಾ’ ಇನ್ನೂ ಒರಟು. 2008ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಕೃಷಿ ಮೇಳದಲ್ಲಿ ಒಬ್ಬ ವ್ಯಕ್ತಿ ಕೈಕುಲುಕಲು ಒಪ್ಪಲಿಲ್ಲ. ಆಗ ಫ್ರಾನ್ಸಿನ ಅಂದಿನ ಅಧ್ಯಕ್ಷ ಸರ್ಕೋಜಿ ಅವನಿಗೆ ‘ಕಾಸ್ ತ್ವಾ’ ಅಂದು ಮೇಲೊಂದು ಕೆಟ್ಟ ಬೈಗುಳ ಸೇರಿಸಿದರು. ಅದೇ ವರ್ಷ ಲಾವಾಲ್ ಊರಿನಲ್ಲಿ ಇನ್ನೊಬ್ಬ ಆ ಮಾತನ್ನೇ ಫಲಕದಲ್ಲಿ ಬರೆದು ಸರ್ಕೋಜಿಗೆ ತೋರಿಸಿದ. ಕೋರ್ಟು ಅವನಿಗೆ 30 ಯೂರೋ ದಂಡ ಹಾಕಿ, ಅದನ್ನು ಅಮಾನತಿನಲ್ಲಿಟ್ಟಿತು. 2013ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವನ ಮಾತಿನ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂದು ತೀರ್ಪು ಕೊಟ್ಟಿತು. ಒಂದು ಮಾತು ಕೋರ್ಟಿನವರೆಗೆ ಹೋಗಬಹುದು ಅಂದಮೇಲೆ ಅದನ್ನು ಅಕ್ಕನ ಬಾಯಿಗೆ ತುರುಕಬೇಡಿ. ಅನುಮಾನ ಬಂದರೆ ಒಂದು ಮೆಟ್ಟಿಲು ಕೆಳಗಿನದನ್ನೇ ಆರಿಸಿ.

ಮುಂದಿನದು ಚಿತ್ರ. ‘ಮೈಂಡ್ ಯುವರ್ ಓನ್ ಬಿಸಿನೆಸ್’ಗೆ ಫ್ರೆಂಚರು ‘ಒಕ್ಯುಪ್ ತ್ವಾ ದ ತೇಜೊನ್ಯೋಂ’ ಅನ್ನುತ್ತಾರೆ. ನಿನ್ನ ಈರುಳ್ಳಿ ನೀನು ನೋಡ್ಕೋ ಅಂತ. ನಾವು ಬೇರೆಯವರ ತಟ್ಟೆಯ ನೊಣ ನೋಡಬೇಡ, ನಿನ್ನ ತಟ್ಟೆಯ ಹೆಗ್ಗಣ ನೋಡು ಅನ್ನುವುದಿಲ್ವಾ? ಬೇಡದವರನ್ನು ಸಾಗಹಾಕಲು ‘ವಾ ತ ಫೇರ್ ಕ್ವೀರ್ ಅನಫ್’ ಇದೆ, ಹೋಗಿ ಮೊಟ್ಟೆ ಬೇಯಿಸ್ಕೋ. ನನಗೆ ತುಂಬಾ ಇಷ್ಟವಾದದ್ದು ‘ವಾ ವ್ವಾರ್ ಅಯ್ಯರ್ ಸಿ ಜಿ ಸ್ವೀ’. ನಾನು ಬೇರೆ ಕಡೆ ಇದ್ದೀನಾ, ಹೋಗಿ ನೋಡ್ಕೊಂಡು ಬಾ! ಇದರಲ್ಲಿ ಕೆಟ್ಟ ಪದ ಒಂದೂ ಇಲ್ಲ, ಕೆಲಸ ಮಾತ್ರ ಪೂರ್ತಿ ಆಗುತ್ತದೆ.

‘ಶಟ್ ಅಪ್’ಗೆ ‘ತೇ ತ್ವಾ’ ಸಾಕು, ಸುಮ್ನಿರು ಅಂತ. ‘ತಾ ಗಲ್’ನಲ್ಲಿ ಇರುವುದು ಪ್ರಾಣಿಯ ಬಾಯಿ. ನಮ್ಮ ‘ಮುಸುಡಿ ಮುಚ್ಚು’ ಇದ್ದ ಹಾಗೆ.

ಕೊನೆಗೆ ಪಾತ್ರ ಯಾವ ಊರಿನದು ಅಂತ ಕೇಳಿಕೊಳ್ಳಿ. ಕೆನಡಾದ ಕ್ವಿಬೆಕ್‌ನಲ್ಲಿ ಬೈಗುಳಗಳೆಲ್ಲ ಜಾಸ್ತಿ ಚರ್ಚಿನಿಂದ ಬಂದವು. ಜಾಗ ಖಾಲಿ ಮಾಡು ಅನ್ನಲು ಅಲ್ಲಿಯವರು ‘ಸಾಕ್ರ್ ತೋಂ ಕಾಂ’ ಅನ್ನುತ್ತಾರೆ. ಮಾಂಟ್ರಿಯಲ್‌ನ ಟ್ಯಾಕ್ಸಿ ಡ್ರೈವರ್ ಬಾಯಲ್ಲಿ ಪ್ಯಾರಿಸ್‌ನ ‘ಕಾಸ್ ತ್ವಾ’ ಬಂದರೆ ಅದು ಆ ಊರಿನ ಮಾತಲ್ಲ ಅಂತ ಅಲ್ಲಿನ ಓದುಗರಿಗೆ ಕೂಡಲೇ ಗೊತ್ತಾಗುತ್ತದೆ.